ಎಂಬತ್ತು ಡಿಗ್ರಿಯ ಸೇಡು

ಮಾರ್ಚ್ ೪, ಸೋಮವಾರ

ಇಂದು ಸಂಜೆ ಅವನು ಬಂದ. ಒಂದು ಸೂಟ್‌ಕೇಸು, ಒಂದು ಔಷಧಿಯ ಚೀಲ, ಕಂಕುಳಲ್ಲಿ ಕೊಡೆ. ಮುಂದಿನ ಕೋಣೆಯ ಮಂಚವನ್ನು ಕಿಟಕಿಯ ಬಳಿಗೆ ಸರಿಸಿಕೊಟ್ಟು "ಬನ್ನಿ ಭಾವ, ಕೂತ್ಕೊಳ್ಳಿ" ಎಂದೆ. ನನ್ನ ಹೆಂಡತಿಯ ಅಣ್ಣ, ನನಗಿಂತ ಐದು ವರ್ಷ ಹಿರಿಯ. ಎದುರಿಗೆ ಬಹುವಚನ ತಪ್ಪುವಂತಿಲ್ಲ. ಈ ಪುಟಗಳಲ್ಲಿ ಮಾತ್ರ ಏಕವಚನ. ಅಷ್ಟಾದರೂ ಸ್ವಾತಂತ್ರ್ಯ ನನಗಿರಲಿ.

ಅವನ ಕರುಳಿನ ಒಳಪದರ ಸವೆದಿದೆಯಂತೆ. ಐದು ವಾರ ಯಾವ ಧಾನ್ಯವನ್ನೂ ಮುಟ್ಟಬಾರದೆಂದು ವೈದ್ಯೆಯ ಕಟ್ಟಪ್ಪಣೆ. ಅಕ್ಕಿ, ಗೋಧಿ, ಜೋಳ, ಓಟ್ಸ್ ಎಲ್ಲವೂ ವರ್ಜ್ಯ. ಬಹುಶಃ ಆಮೇಲೂ ಜೀವನಪರ್ಯಂತ. ಬೆಳಗಿನ ಮಾತ್ರೆಗೆ ಮುಂಚೆ ಬಿಸಿಯಾದ, ಮೆತ್ತಗಿನ ಏನಾದರೊಂದು ಹೊಟ್ಟೆಗೆ ಬೀಳಲೇಬೇಕು. ಅವನ ಹೆಂಡತಿ ತೀರಿಕೊಂಡು ಮೂರು ವರ್ಷವಾಯಿತು. ಅವನಿಗೋ ನೀರು ಕಾಯಿಸಲೂ ಬಾರದು. ನನ್ನ ಹೆಂಡತಿ ಬಸ್ ಡಿಪೋದಲ್ಲಿ ಚಾಲಕರಿಗೆ ಪಾಳಿ ಹಂಚುವ ಮೇಲ್ವಿಚಾರಕಿ. ಭಾನುವಾರ ಬಿಟ್ಟರೆ ದಿನವೂ ಬೆಳಕು ಹರಿಯುವ ಮೊದಲೇ ಬರಿಯ ಕಾಫಿ ಕುಡಿದು ಹೊರಟುಬಿಡುತ್ತಾಳೆ. ಹೀಗಾಗಿ ಅವನ ತಿಂಡಿ ನನ್ನ ಪಾಲಿಗೆ ಬಂತು.

"ನಿಮಗೆ ಕಷ್ಟ ಆಗತ್ತೇನ್ರೀ?" ಎಂದು ಕೇಳಿದಳು.

"ಇಲ್ಲ" ಎಂದೆ.

ಸಿಟ್ಟು ಹಳಸಬಾರದೆಂದು ಇಲ್ಲಿ ಮತ್ತೊಮ್ಮೆ ಬರೆದಿಡುತ್ತೇನೆ. ನಾವಿಬ್ಬರೂ ಇರುವುದು ಅಂಟು ತಯಾರಿಸುವ ಕಾರ್ಖಾನೆಯಲ್ಲಿ. ಅವನು ಉತ್ಪಾದನೆಯ ಮುಖ್ಯಸ್ಥ, ಈಗ ಕಾಯಿಲೆಯ ರಜೆಯಲ್ಲಿದ್ದಾನೆ. ನಾನು ಆಗ ಮಾಪನ ಉಪಕರಣಗಳ ಹೊಣೆ ಹೊತ್ತವನು. ಎಂಟು ವರ್ಷದ ಹಿಂದೆ ಮೂರನೆಯ ಕೊಪ್ಪರಿಗೆಯಲ್ಲಿ, ಕಾದ ರಾಳಕ್ಕೆ ಗಟ್ಟಿಗೊಳಿಸುವ ದ್ರಾವಣ ಸೇರಿಸುತ್ತಿದ್ದಾಗ, ಅಷ್ಟೂ ಮಾಲು ನೋಡನೋಡುತ್ತಲೇ ಹೆಪ್ಪುಗಟ್ಟಿ ಬಂಡೆಯಾಯಿತು. ಕೊಪ್ಪರಿಗೆಯೊಳಗೆ ಆಳುಗಳನ್ನು ಇಳಿಸಿ ಉಳಿ ಸುತ್ತಿಗೆಯಿಂದ ಕಡಿಸಬೇಕಾಯಿತು. ವಿಚಾರಣೆಯ ದಿನ ಅವನು ಎದ್ದು ನಿಂತು "ಥರ್ಮಾಮೀಟರ್ ಕಡಿಮೆ ತೋರಿಸಿತು" ಎಂದ. ಒಂದೇ ವಾಕ್ಯ. ಮರುವಾರವೇ ನನ್ನನ್ನು ಬಿಡಿಭಾಗಗಳ ಗೋದಾಮಿಗೆ ತಳ್ಳಿದರು. ಈಗಲೂ ಅಲ್ಲೇ ಬೋಲ್ಟು ವಾಷರುಗಳನ್ನು ಕಾಯುತ್ತಿದ್ದೇನೆ.

ಗಡಿಯಾರದಂತೆ ಮುಖವೂ ಮುಳ್ಳೂ ಇರುವ ಆ ಥರ್ಮಾಮೀಟರನ್ನು ಗುಜರಿಗೆ ಎಸೆದಿದ್ದರು. ಕೇಳಿ ಮನೆಗೆ ತಂದೆ. ಕರಗುತ್ತಿರುವ ಮಂಜುಗಡ್ಡೆಯಲ್ಲಿಟ್ಟರೆ ಸೊನ್ನೆ, ಕುದಿಯುವ ನೀರಿನಲ್ಲಿಟ್ಟರೆ ನೂರು. ಕೂದಲೆಳೆಯಷ್ಟೂ ತಪ್ಪಿಲ್ಲ. ಯಾರೂ ಕೇಳಲಿಲ್ಲ, ನಾನೂ ಹೇಳಲು ಹೋಗಲಿಲ್ಲ. ಹೆಂಡತಿಗೂ ಹೇಳಿಲ್ಲ. ಅವಳೆದುರು ಅವಳ ಅಣ್ಣನ ಮೇಲೆ ಚಾಡಿ ಹೇಳುವವನು ನಾನಾಗಬಾರದು. ಅವನೇ ಹೇಳಬೇಕು, ತನ್ನ ಬಾಯಿಂದ, ಅವಳ ಕಿವಿಗೆ ಬೀಳುವಂತೆ. ನನಗೆ ಬೇಕಾಗಿರುವುದು ಅದೊಂದೇ.

ಇಷ್ಟು ವರ್ಷ ನೆಂಟರ ಮನೆಗಳಲ್ಲಿ ಎದುರಾದಾಗ ಆರೋಗ್ಯ ವಿಚಾರಿಸಿ ಪಕ್ಕಕ್ಕೆ ಸರಿದಿದ್ದೇನೆ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎಂದು ಕಾದಿದ್ದೆ. ಬಂದ.

ಮಾರ್ಚ್ ೫, ಮಂಗಳವಾರ

ಬಾದಾಮಿಯನ್ನು ಪುಡಿ ಮಾಡಿ, ಬಿಸಿನೀರಿನಲ್ಲಿ ಕದಡಿ, ಬಟ್ಟಲಿಗೆ ಸುರಿದುಕೊಟ್ಟೆ. ಉಪ್ಪಿಲ್ಲ, ಸಿಹಿಯಿಲ್ಲ. ವೈದ್ಯೆ ಹೇಳಿದ್ದಕ್ಕಿಂತ ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಯಾವ ನ್ಯಾಯಾಲಯದಲ್ಲೂ ನಿಲ್ಲುವ ತಿಂಡಿ.

ಕೊಡುವ ಮೊದಲು ಅವನ ಕಣ್ಣೆದುರೇ ಆ ಥರ್ಮಾಮೀಟರನ್ನು ಪಾತ್ರೆಯಲ್ಲಿ ಅದ್ದಿ ಬಿಸಿ ನೋಡಿದೆ. (ಅದರ ಕಾಂಡ ಎಂದೂ ಅಂಟನ್ನು ಮುಟ್ಟಿದ್ದಲ್ಲ, ಕೊಪ್ಪರಿಗೆಯಲ್ಲಿ ಉಕ್ಕಿನ ಒರೆಯೊಳಗೆ ಕೂತಿರುತ್ತಿತ್ತು. ಆದರೂ ನಿನ್ನೆ ಎರಡು ಸಲ ಕುದಿಸಿ ತೊಳೆದಿದ್ದೇನೆ.) ಅವನಿಗೆ ಅದರ ಗುರುತೇ ಸಿಗಲಿಲ್ಲ. ನನ್ನ ಬದುಕನ್ನು ಗೋದಾಮಿಗೆ ಹಾಕಿದ ವಸ್ತು ಅವನಿಗೆ ನೆನಪೂ ಇಲ್ಲ!

"ಇದೇನ್ರೀ ದಶಮಾಂಶ, ತಿನ್ನೋದಾ, ಗೋಡೆಗೆ ಬಳಿಯೋದಾ?"

ಕಾರ್ಖಾನೆಯಲ್ಲಿ ನನಗೆ ಆ ಅಡ್ಡಹೆಸರನ್ನು ಇಟ್ಟವನೂ ಅವನೇ. ದಶಮಾಂಶ ಬಿಂದುವಿಲ್ಲದೆ ನಾನು ಯಾವ ಅಳತೆಯನ್ನೂ ಹೇಳುವುದಿಲ್ಲವೆಂದು.

"ಡಾಕ್ಟರು ಹೇಳಿದ್ದು, ಭಾವ."

"ಆಯಮ್ಮ ಒಂದ್ಸಲ ತಿಂದು ನೋಡಿದಾರಂತಾ?"

ಮೂರು ಚಮಚ ತಿಂದು ಬಟ್ಟಲು ಸರಿಸಿದ. ನನಗೆ ಬಹಳ ತೃಪ್ತಿಯಾಯಿತು. ಗೋದಾಮಿಗೆ ಹೋಗುವಾಗ ನಾನು ಸಿಳ್ಳೆ ಹಾಕುತ್ತಿದ್ದೆನೆಂದು ಗೇಟಿನ ಕಾವಲುಗಾರ ಹೇಳಿದ. ನನಗೆ ನೆನಪಿಲ್ಲ.

ಮಾರ್ಚ್ ೮, ಶುಕ್ರವಾರ

ರಾತ್ರಿ ಊಟದ ತಟ್ಟೆಗಳನ್ನು ಒರೆಸುತ್ತ ಹೆಂಡತಿ ಹೇಳಿದಳು: "ಅಣ್ಣನ ಶರ್ಟಿನ ಕಾಲರ್ ನೋಡಿದ್ರಾ? ಕುತ್ತಿಗೆಗೂ ಅದಕ್ಕೂ ಮಧ್ಯೆ ನನ್ನ ಎರಡು ಬೆರಳು ತೂರತ್ತೆ."

ಅದು ದೂರಲ್ಲ. ಅವಳು ದೂರುವವಳಲ್ಲ. ಡಿಪೋದಲ್ಲಿ ಇನ್ನೂರು ಚಾಲಕರನ್ನು ಪಳಗಿಸಿರುವವಳು, ವಿಷಯವನ್ನು ಮೇಜಿನ ಮೇಲಿಟ್ಟು ಸುಮ್ಮನಾಗುತ್ತಾಳೆ.

ಯೋಚಿಸಿದೆ. ಹಸಿವಿನಲ್ಲಿ ಕೆಡವುವುದು ಒರಟು ಕೆಲಸ. ಸೇಡು ಅಷ್ಟು ಅಗ್ಗವಾಗಬಾರದು. ಅದಕ್ಕಿಂತ ಒಳ್ಳೆಯ ದಾರಿಯಿದೆ. ಅಟ್ಟಕ್ಕೆ ಹತ್ತಿಸಿ ಏಣಿ ತೆಗೆಯುವುದು. ಇವನು ಸಾಯುವವರೆಗೂ ಧಾನ್ಯ ತಿನ್ನುವಂತಿಲ್ಲ. ನಾಲ್ಕು ವಾರ ದಿನವೂ ಬೆಳಗ್ಗೆ ಅಮೃತದಂಥದ್ದನ್ನು ತಿನ್ನಿಸಿ, ನಾಲಿಗೆಗೆ ಚೆನ್ನಾಗಿ ಹತ್ತಿಸಿ, ಮಾಡುವ ವಿಧಾನವನ್ನು ಒಂದಕ್ಷರವೂ ಹೇಳಿಕೊಡದೆ ಮನೆಗೆ ಕಳಿಸಿಬಿಡುವುದು. ಆಮೇಲೆ ತನ್ನ ಖಾಲಿ ಅಡುಗೆಮನೆಯಲ್ಲಿ ನಿಂತು ಪ್ರತಿದಿನ ಬೆಳಗ್ಗೆ ನನ್ನನ್ನು ನೆನೆಯಲಿ. ವಿಧಾನ ಬೇಕೆಂದರೆ ಬೆಲೆ ಒಂದೇ: ತಂಗಿಯ ಮುಂದೆ ಆ ಮಾತು.

ನನಗಿರುವ ಸಮಯ ಏಳರಿಂದ ಏಳೂಕಾಲು. ಅಷ್ಟರಲ್ಲಿ ಆಗುವಂಥದ್ದಾಗಿರಬೇಕು. ನಾಳೆ ಸಾಮಾನು ತರಬೇಕು.

ಮಾರ್ಚ್ ೯, ಶನಿವಾರ

ಒಣಹಣ್ಣಿನ ಅಂಗಡಿಯವನ ಜೊತೆ ಅರ್ಧ ಗಂಟೆ ಹಾಳಾಯಿತು.

"ಏನ್ ಸಾರ್, ಯಾವಾಗ್ಲೂ ನೂರು ಗ್ರಾಂ ಮೇಲೆ ಹೋಗೋರಲ್ಲ, ಇವತ್ತು ಮೂಟೆ ಲೆಕ್ಕ. ಮನೇಲಿ ಯಾರು?"

"ನೆಂಟರು."

"ನೆಂಟರಾ? ಹಾಗಾದ್ರೆ ಈ ಮುರುಕು ಬಾದಾಮಿ ತಗೊಳ್ಳಿ. ಪುಡಿ ಮಾಡಿದ್ಮೇಲೆ ಯಾರಿಗ್ ಗೊತ್ತಾಗತ್ತೆ? ನೆಂಟರಿಗೆ ಧಾರಾಳ ಸಾಕು."

"ಬೇಡ. ಇಡೀದು ಕೊಡಿ. ಹೊಸ ಮಾಲು."

"ಅಬ್ಬಾ! ಭಾರಿ ಬೇಕಾದೋರು ಅನ್ಸತ್ತೆ."

ಉತ್ತರಿಸಲಿಲ್ಲ. ಮುರುಕು ಬಾದಾಮಿಗೆ ಬೇಗ ಕಮಟು ವಾಸನೆ ಹತ್ತುತ್ತದೆ. ಸೇಡಿಗೆ ಮುರುಕು ಮಾಲು ನಡೆಯುವುದಿಲ್ಲ. ಬಾದಾಮಿ, ಅಕ್ರೋಟು, ಅಗಸೆ ಬೀಜ, ಒಂದು ತುಂಡು ಚಕ್ಕೆ. ದಾರಿಯಲ್ಲಿ ಬಾಳೆಹಣ್ಣು, ಸೇಬು, ತೆಂಗಿನಕಾಯಿ, ಮೊಟ್ಟೆ.

ಮಾರ್ಚ್ ೧೨, ಮಂಗಳವಾರ

ಭಾನುವಾರದಿಂದ ಮೂರು ಪ್ರಯೋಗ. ಇಂದಿನದು ನಿಲ್ಲುತ್ತದೆ.

ಬಾದಾಮಿಯನ್ನು ಒಣ ಬಾಣಲೆಯಲ್ಲಿ ಘಮ ಬರುವವರೆಗೆ ಹುರಿದು ಹಿಂದಿನ ಸಂಜೆಯೇ ಪುಡಿ ಮಾಡಿಟ್ಟುಕೊಳ್ಳಬೇಕು. ಬೆಳಗ್ಗೆ ಅದಕ್ಕೆ ಒಂದು ಚಮಚ ಅಗಸೆ ಪುಡಿ, ಚಿಟಿಕೆ ಚಕ್ಕೆ, ಚಿಟಿಕೆ ಉಪ್ಪು, ಕಿವುಚಿದ ಬಾಳೆಹಣ್ಣು, ತೆಂಗಿನ ಹಾಲು, ಸಣ್ಣ ಉರಿ. ಇಷ್ಟಕ್ಕೇ ಬಿಟ್ಟರೆ ಅದು ಬರೀ ಗೊಜ್ಜು, ಮೈಯಿಲ್ಲ. ಮೈ ಕೊಡುವುದು ಮೊಟ್ಟೆ, ಕೆಡಿಸುವುದೂ ಮೊಟ್ಟೆಯೇ. ಅದನ್ನು ಬೇರೆ ಬಟ್ಟಲಿನಲ್ಲಿ ಕಡೆದು, ಬಿಸಿ ಮಿಶ್ರಣವನ್ನು ಒಂದೊಂದೇ ಚಮಚ ಅದಕ್ಕೆ ಸೇರಿಸಿ, ಮೊಟ್ಟೆ ಬೆಚ್ಚಗಾದ ಮೇಲಷ್ಟೇ ಪಾತ್ರೆಗೆ ಸುರಿಯಬೇಕು. ಕೈ ನಿಲ್ಲಬಾರದು. ಎಂಬತ್ತು ಡಿಗ್ರಿಗೆ ಬಂದಾಗ ದಪ್ಪವಾಗಿ, ರೇಷ್ಮೆಯಂತೆ ಚಮಚಕ್ಕೆ ಹತ್ತುತ್ತದೆ; ಆಗ ಇಳಿಸಬೇಕು. ಅವಸರಪಟ್ಟರೆ ಗಂಟುಗಂಟಾಗಿ ನೀರೊಡೆಯುತ್ತದೆ, ಮತ್ತೆ ಕೂಡುವುದಿಲ್ಲ. ಮೇಲೆ ತುರಿದ ಸೇಬು, ಅಕ್ರೋಟು.

ಕೊಪ್ಪರಿಗೆಗೂ ಇದೇ ನಿಯಮವಿತ್ತು. ಬಿಸಿಗೆ ತಣ್ಣನೆಯದನ್ನು ಒಮ್ಮೆಲೇ ಸುರಿಯಬಾರದು. ಅದನ್ನು ಕಾರ್ಖಾನೆಯಲ್ಲಿ ಎಲ್ಲರಿಗೂ ಕಲಿಸುತ್ತಿದ್ದವನು ಇವನೇ.

ಮಾರ್ಚ್ ೧೩, ಬುಧವಾರ

ಬಟ್ಟಲನ್ನು ಬಳಿದು ತಿಂದ. "ಇನ್ನೊಂಚೂರು ಇದೆಯಾ?" ಎಂದು ಕೇಳಿದ.

"ಇಲ್ಲ" ಎಂದೆ. ಇತ್ತು.

ಮಾರ್ಚ್ ೧೮, ಸೋಮವಾರ

ಬಟ್ಟಲು ತೊಳೆಯುವಾಗ ಒಂದು ವಿಷಯ ಪತ್ತೆಯಾಯಿತು. ಕೆಳಗಿಟ್ಟ ತಟ್ಟೆಯಲ್ಲಿ, ಬಟ್ಟಲಿನ ಬುಡದ ಮರೆಯಲ್ಲಿ, ಅಕ್ರೋಟಿನ ಚೂರುಗಳು. ಕಳ್ಳಮಾಲಿನಂತೆ ಸಾಲಾಗಿ ಅಡಗಿಸಿಟ್ಟಿದ್ದ.

"ಭಾವ, ಅಕ್ರೋಟು ಯಾಕೆ ಬಿಟ್ಟಿದ್ದೀರಿ?"

"ನಾನೆಲ್ಲಿ ಬಿಟ್ಟೆ? ಅವೇ ಉಳ್ಕೊಂಡವು."

"ದಿನಾನೂ ಉಳ್ಕೊಳ್ತಿವೆಯಾ?"

ಎಡಗೆನ್ನೆ ಮುಟ್ಟಿಕೊಂಡ. "ಎಡಗಡೆ ದವಡೇಲಿ ಹಲ್ಲಿಲ್ಲ ಕಣ್ರೀ. ಅವಳಿದ್ದಾಗ ಎಲ್ಲಾ ಜಜ್ಜಿ ಕೊಡೋಳು. ನಾನು ಹೇಳ್ತಾನೇ ಇರ್ಲಿಲ್ಲ, ಅವಳೇ ನೋಡ್ಕೊಂಡಿದ್ಲು. ಈಗ ಈ ವಯಸ್ಸಲ್ಲಿ ಯಾರ ಹತ್ರ ಹೋಗಿ ನಂಗೆ ಜಜ್ಜಿ ಕೊಡಿ ಅನ್ಲಿ? ನಿಮ್ ಹತ್ರಾನಾ?" ಎಂದು ನಕ್ಕ. "ನೀವು ಎಷ್ಟು ಮಿಲಿಮೀಟರಿಗೆ ಜಜ್ಜಬೇಕು ಅಂತ ಕೇಳ್ತೀರಿ."

ಸಂಜೆ ಅಕ್ರೋಟನ್ನು ಬಿಸಿನೀರಿನಲ್ಲಿ ನೆನೆಸಿ, ಬಟ್ಟೆಯಲ್ಲಿ ಉಜ್ಜಿ ಕಹಿ ಸಿಪ್ಪೆ ತೆಗೆದು, ಸಣ್ಣಗೆ ಕುಟ್ಟಿಟ್ಟೆ. ಇದು ದಾಕ್ಷಿಣ್ಯವಲ್ಲ. ಹಾಕಿದ್ದರಲ್ಲಿ ಒಂದು ಭಾಗ ಹೊಟ್ಟೆಗೇ ಹೋಗದಿದ್ದರೆ ರುಚಿ ಹತ್ತಿತೋ ಇಲ್ಲವೋ ಎಂದು ನಾನು ಅಳೆಯುವುದು ಹೇಗೆ?

ಎರಡು ಮಿಲಿಮೀಟರು ಸರಿಯೆನಿಸಿತು.

ಮಾರ್ಚ್ ೨೨, ಶುಕ್ರವಾರ

ಇಂದು ಕೈಗೆ ಸಿಕ್ಕರೆ ಅವನನ್ನು ಹಿಡಿದು ಬಡಿಯುತ್ತಿದ್ದೆ. ಕೈಗೆ ಸಿಕ್ಕಿದ್ದ, ಆದರೆ ವಾಂತಿ ಮಾಡಿಕೊಳ್ಳುತ್ತಿದ್ದ.

ನಿನ್ನೆ ನಾವಿಬ್ಬರೂ ಕೆಲಸಕ್ಕೆ ಹೋದಮೇಲೆ ಬೀದಿ ಕೊನೆಯ ಬೇಕರಿಗೆ ಹೋಗಿ ಬನ್ನು ತಿಂದಿದ್ದಾನೆ. ಬೆಣ್ಣೆ ಸವರಿದ್ದು. ಕೇಳಿದರೆ "ಒಂದೇ ಒಂದು. ವಾಸನೆ ಎಳ್ಕೊಂಡು ಹೋಯ್ತು, ಕಾಲು ತಾನಾಗೇ ನಡೀತು" ಎನ್ನುತ್ತಾನೆ. ಯಾವಾಗಲೂ ಬೇರೆ ಯಾರದೋ ತಪ್ಪು: ಅಂದು ಥರ್ಮಾಮೀಟರಿನದು, ಇಂದು ಕಾಲಿನದು.

ಎರಡೂವರೆ ವಾರದ ನನ್ನ ದುಡಿಮೆಯನ್ನು ಒಂದು ಬನ್ನಿಗೆ ಮಾರಿಬಿಟ್ಟ. ಗೋದಾಮಿಗೆ ಹೇಳಿಕಳಿಸಿ ರಜೆ ಹಾಕಿದೆ. ಅಲ್ಲಿಗೆ ಹೋದಮೇಲೆ ನಾನು ಹಾಕಿದ ಮೊದಲ ರಜೆಯಂತೆ, ಗುಮಾಸ್ತ ಬೆರಗಾದನಂತೆ. ಹೊದಿಕೆ ಒಗೆದೆ. ಬಾಳೆಹಣ್ಣನ್ನು ತೆಂಗಿನ ಹಾಲಿನಲ್ಲಿ ತೆಳ್ಳಗೆ ಕದಡಿ ಗುಟುಕು ಗುಟುಕಾಗಿ ಕುಡಿಸಿದೆ. ಮಧ್ಯಾಹ್ನವಿಡೀ ಪಕ್ಕದ ಕುರ್ಚಿಯಲ್ಲಿ ಕೂತೆ. ನಾನು ಎದ್ದು ಹೋದರೆ ಮತ್ತೆ ಬೇಕರಿಗೆ ನಡೆಯುವ ಕಾಲುಗಳು ಅವು, ನಂಬುವಂತಿಲ್ಲ.

ನಿದ್ದೆಯಲ್ಲಿ ಭಾವನ ಮುಖ ಬಹಳ ಚಿಕ್ಕದಾಗಿ ಕಾಣುತ್ತದೆ. ಇದನ್ನು ಯಾಕೆ ಬರೆದೆನೋ ತಿಳಿಯದು. ವಿಷಯಕ್ಕೆ ಸಂಬಂಧವಿಲ್ಲ.

ಮಾರ್ಚ್ ೨೮, ಗುರುವಾರ

ಎರಡು ದಿನದಿಂದ ನನಗೆ ಶೀತ, ಮೈ ಬಿಸಿ. ಇಂದು ಬೆಳಗ್ಗೆ ಎಚ್ಚರವಾಗಲಿಲ್ಲ. ಎಬ್ಬಿಸಿದ್ದು ಸೀದ ವಾಸನೆ.

ಅಡುಗೆಮನೆಗೆ ಓಡಿದೆ. ಭಾವ ಒಲೆಯ ಮುಂದೆ ನಿಂತಿದ್ದರು, ಬನಿಯನ್ನಿನ ಮೇಲೆ ನನ್ನ ಹೆಂಡತಿಯ ಏಪ್ರನ್ನು ಕಟ್ಟಿಕೊಂಡು. ಜ್ವಾಲೆ ಪಾತ್ರೆಯ ಅಂಚು ದಾಟಿ ಮೇಲೇರಿತ್ತು. ಮೊಟ್ಟೆಯ ಚಿಪ್ಪು ನೆಲದ ಮೇಲೆ. ಪಾತ್ರೆಯೊಳಗೆ ಹಳದಿ ಗಂಟುಗಳು ಒಡೆದ ನೀರಿನಲ್ಲಿ ತೇಲುತ್ತಿದ್ದವು. ತಳದಿಂದ ಕಪ್ಪು ಹೊಗೆ.

"ನಿಮಗೆ ಹುಷಾರಿಲ್ವಲ್ಲ, ಒಂದಿನ ನಾನೇ ಮಾಡಿ ಕೊಡೋಣ ಅಂತ..." ಎಂದರು. ಚಮಚವನ್ನು ಕತ್ತಿಯಂತೆ ಹಿಡಿದಿದ್ದರು. "ದಿನಾ ನೋಡ್ತಿದ್ನಲ್ಲ, ಇದೇನ್ ಮಹಾ ಅಂದ್ಕೊಂಡೆ. ಎಲ್ಲಾ ಸರಿಯಾಗೇ ಇತ್ತು. ಮೊಟ್ಟೆ ಹಾಕಿದ್ನೋ ಇಲ್ವೋ..."

ಪಾತ್ರೆಯನ್ನೇ ನೋಡುತ್ತಿದ್ದರು. ಗಂಟುಗಳನ್ನು ಚಮಚದಿಂದ ಒಮ್ಮೆ ಒತ್ತಿದರು, ಕೂಡುತ್ತವೇನೋ ಎಂಬಂತೆ. ಕೂಡಲಿಲ್ಲ. ಆಮೇಲೆ ಬೇರೆಯೇ ದನಿಯಲ್ಲಿ ಹೇಳಿದರು:

"ಅವತ್ತೂ ಹೀಗೇ ಆಯ್ತು."

ನಾನು ಬಾಗಿಲಲ್ಲೇ ನಿಂತಿದ್ದೆ.

"ಮಾಲು ಸಂಜೆಯೊಳಗೆ ಹೊರಡಬೇಕು ಅಂತ ಮೇಲಿನವರು ಫೋನ್ ಮೇಲೆ ಫೋನು. ಅರ್ಧ ಗಂಟೆ ಕಾಯ್ಬೇಕಿತ್ತು. ನಾನೇ ವಾಲ್ವ್ ತಿರುಗಿಸಿದೆ. ಒಂದೇ ಸಲಕ್ಕೆ. ಥರ್ಮಾಮೀಟರು ಸರಿಯಾಗೇ ತೋರಿಸ್ತಿತ್ತು, ನಾನೇ ನೋಡ್ಲಿಲ್ಲ." ಮೇಜಿನ ಮೇಲಿದ್ದ ಆ ಉಪಕರಣವನ್ನು ಗಲ್ಲದಿಂದ ತೋರಿಸಿದರು. "ಅದೇ ಅಲ್ವಾ ಇದು? ಮುಖದ ಮೇಲೆ ಮೂರನೇ ಕೊಪ್ಪರಿಗೆಯ ಕೆಂಪು ಬಣ್ಣದ ಚುಕ್ಕೆ ಇದೆ. ಬಂದ ಮಾರನೇ ದಿನಾನೇ ಗುರುತು ಹಿಡಿದೆ."

"ಹೇಳಲಿಲ್ಲ."

"ಏನಂತ ಹೇಳ್ಲಿ? ದಿನಾ ಬೆಳಗ್ಗೆ ಅದನ್ನ ನನ್ನ ಕಣ್ಮುಂದೆ ಅದ್ದಿ ತೆಗೀತಿದ್ರಿ. ತಿಂಡಿ ಸುಮ್ನೆ ಗಂಟಲಲ್ಲಿ ಇಳೀತಿತ್ತು ಅಂದ್ಕೊಂಡ್ರಾ, ದಶಮಾಂಶ?"

ಇಂಥ ಗಳಿಗೆಗೆಂದು ನಾನು ಎಷ್ಟೋ ಮಾತುಗಳನ್ನು ಕಟ್ಟಿಟ್ಟುಕೊಂಡಿದ್ದೆ. "ಉರಿ ಆರಿಸಿ, ಭಾವ" ಎಂದೆ.

ಆಮೇಲೆ ಹೇಳಿದೆ: "ಇದನ್ನ ಅವಳ ಮುಂದೆ ಹೇಳಿ. ಹೇಳಿದರೆ, ಇದನ್ನು ಮಾಡೋ ವಿಧಾನ ಕಲಿಸ್ತೀನಿ. ಇಲ್ಲದಿದ್ದರೆ ಇಲ್ಲ."

"ಪುಟ್ಟಿ ಮುಂದೆ ಮಾತ್ರ ಬೇಡ ಕಣ್ರೀ." ತಂಗಿಯನ್ನು ಅವರು ಇಂದಿಗೂ ಹಾಗೇ ಕರೆಯುತ್ತಾರೆ. "ಊರೆಲ್ಲಾ ನನ್ನ ಏನ್ ಬೇಕಾದ್ರೂ ಅನ್ಕೊಳ್ಲಿ. ಅವಳೊಬ್ಬಳು ಇವತ್ತಿಗೂ ನಮ್ಮಣ್ಣ ಅಂತ ಎದೆಯುಬ್ಬಿಸಿ ಹೇಳ್ತಾಳೆ. ಅದೊಂದೇ ಉಳಿದಿರೋದು."

ಒಡೆದದ್ದನ್ನು ಎಸೆಯಲು ಹೋದರು. ಬಿಡಲಿಲ್ಲ. ಎರಡು ಬಟ್ಟಲಿಗೆ ಬಡಿಸಿದೆ. ಮಾಡಿದ್ದನ್ನು ಪೂರ್ತಿ ತಿನ್ನಬೇಕೆಂದೆ, ತಿಂದರು. ಅವರು ತಿನ್ನುವುದನ್ನು ನೋಡಲೆಂದು ನಾನೂ ಎದುರಿಗೆ ಕೂತು ತಿಂದೆ. ಅದಕ್ಕಿಂತ ಕೆಟ್ಟದ್ದನ್ನು ನಾನು ಜನ್ಮದಲ್ಲಿ ತಿಂದಿಲ್ಲ.

ಮಾರ್ಚ್ ೨೯, ಶುಕ್ರವಾರ

ಎಂಟು ವರ್ಷ ಕಾದ ಮಾತು ಖಾಲಿ ಮನೆಯಲ್ಲಿ ಬಿತ್ತು. ಗೋಡೆ ಕೇಳಿತು, ಪಾತ್ರೆ ಕೇಳಿತು. ಸಾಕ್ಷಿಯಿಲ್ಲದ ಅಳತೆ ಅಳತೆಯೇ ಅಲ್ಲ. ನಾನು ಬಗ್ಗುವುದಿಲ್ಲ. ಏಣಿ ನನ್ನ ಕೈಯಲ್ಲೇ ಇದೆ.

ಪಾತ್ರೆಯ ತಳ ಉಜ್ಜಿ ಉಜ್ಜಿ ಬೆರಳು ಸವೆಯಿತು.

ಏಪ್ರಿಲ್ ೨, ಮಂಗಳವಾರ

ಷರತ್ತಿನಲ್ಲಿ ಒಂದು ಸಣ್ಣ ಮಾರ್ಪಾಡು ಮಾಡಿಕೊಂಡಿದ್ದೇನೆ. ಕಾರಣ ಕೇವಲ ತಾಂತ್ರಿಕ. ಭಾವ ಮನೆಗೆ ಹೋದಮೇಲೆ ಸುಮ್ಮನಿರುವವರಲ್ಲ. ತಮಗೆ ತೋಚಿದಂತೆ ಮಾಡುತ್ತಾರೆ, ಒಡೆಯುತ್ತದೆ, "ನಮ್ಮ ದಶಮಾಂಶ ಮಾಡ್ತಿದ್ದದ್ದು ಇದೇ" ಎಂದು ನಾಲ್ಕು ಜನಕ್ಕೆ ಬಡಿಸುತ್ತಾರೆ. ನನ್ನ ವಿಧಾನಕ್ಕೆ ಅಂಥ ಹೆಸರು ಬರುವುದನ್ನು ನಾನು ಸಹಿಸಲಾರೆ. ಹೀಗಾಗಿ ಕಲಿಸುತ್ತಿದ್ದೇನೆ. ಆದರೆ ಕಲಿಸುವುದರಲ್ಲಿ ಕರುಣೆಯಿಲ್ಲ.

"ಒಂದು ಚಮಚ. ಕಡೆಯಿರಿ. ಇನ್ನೊಂದು."

"ಇನ್ನೂ ಎಷ್ಟು ಚಮಚ ಮಾರಾಯರೇ? ಕೈ ಬಿದ್ದೋಗತ್ತೆ."

"ಬೀಳಲಿ. ಬಟ್ಟಲು ಮುಟ್ಟಿ ನೋಡಿ. ಬೆಚ್ಚಗಾಗಿದೆಯಾ?"

"ಆಗಿದೆ."

"ಆಗಿಲ್ಲ."

"ನಂದೇ ಕೈ, ನಂಗೊತ್ತಿಲ್ವಾ?"

"ಅವತ್ತೂ ಹೀಗೇ ಅಂದ್ಕೊಂಡ್ರಿ."

ಮತ್ತೊಂದು ಚಮಚ ಹಾಕಿದರು. ಈ ಮಾತನ್ನು ಆಡಿ ನನಗೆ ಬಹಳ ಸುಖವಾಗಬೇಕಿತ್ತು. ಸ್ವಲ್ಪ ಆಯಿತು.

ಮಧ್ಯೆ ಒಡೆಯಿತು. ಚೆಲ್ಲಿಸಿ ಮೊದಲಿನಿಂದ ಮಾಡಿಸಿದೆ. ಗೋದಾಮಿಗೆ ತಡವಾಗಿ ಹೋದೆ.

ಏಪ್ರಿಲ್ ೫, ಶುಕ್ರವಾರ

ಇಂದು ಒಡೆಯಲಿಲ್ಲ. ಎಂಬತ್ತಕ್ಕೆ ಸರಿಯಾಗಿ ಇಳಿಸಿದರು. "ಹೆಂಗೆ?" ಎಂದು ಹುಬ್ಬು ಹಾರಿಸಿದರು.

"ಪರವಾಗಿಲ್ಲ" ಎಂದೆ. ನನ್ನದಕ್ಕಿಂತ ನುಣುಪಾಗಿತ್ತು. ಇದನ್ನು ಅವರಿಗೆ ಎಂದೂ ಹೇಳುವುದಿಲ್ಲ.

ಏಪ್ರಿಲ್ ೭, ಭಾನುವಾರ

ನಿನ್ನೆ ವೈದ್ಯೆ ಪರೀಕ್ಷಿಸಿ ಕರುಳು ವಾಸಿಯಾಗಿದೆ ಎಂದಳು. ಧಾನ್ಯ ಮಾತ್ರ ಇನ್ನು ಎಂದೆಂದಿಗೂ ಇಲ್ಲ. ಮಧ್ಯಾಹ್ನ ಭಾವ ಹೊರಡುವುದೆಂದು ಗೊತ್ತಾಯಿತು.

ಭಾನುವಾರವಾದ್ದರಿಂದ ಹೆಂಡತಿ ಮನೆಯಲ್ಲಿದ್ದಳು. ಮೇಜಿನ ಮುಂದೆ ಕಾಲು ಚಾಚಿ ಕೂತು "ಇವತ್ತು ಅಣ್ಣ ಅಡುಗೆ ಮಾಡೋದನ್ನ ನೋಡ್ಬೇಕು. ಆಂಬುಲೆನ್ಸ್‌ಗೆ ಹೇಳಿದೀರೇನ್ರೀ?" ಎಂದಳು. ಭಾವ ಮೂರು ಜನಕ್ಕೆ ಆಗುವಷ್ಟು ಇಟ್ಟಿದ್ದರು. ನಾನು ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದೆ; ಮುಟ್ಟಬಾರದೆಂದು ನಿಶ್ಚಯಿಸಿದ್ದೆ. ಷರತ್ತಿನ ನೆನಪನ್ನೂ ಮಾಡಲಿಲ್ಲ. ಮಾಡಿದ್ದರೆ ಏನು ಪ್ರಯೋಜನ? ವಿಧಾನ ಆಗಲೇ ಅವರ ಕೈಸೇರಿತ್ತು. ಮಾರುವವನ ಬಳಿ ಸರಕೇ ಉಳಿದಿರಲಿಲ್ಲ.

ಮೊಟ್ಟೆ ಬೆಚ್ಚಗಾಯಿತು. ಪಾತ್ರೆಗೆ ಸುರಿದರು. ಕೈಯಾಡಿಸುತ್ತ, ತಿರುಗದೆಯೇ ಹೇಳಿದರು:

"ಪುಟ್ಟಿ, ಅವತ್ತು ಮೂರನೇ ಕೊಪ್ಪರಿಗೇಲಿ..."

ಕೈ ನಿಧಾನವಾಯಿತು. ಥರ್ಮಾಮೀಟರಿನ ಮುಳ್ಳು ಎಪ್ಪತ್ತಾರರಲ್ಲಿತ್ತು.

"ಭಾವ, ಒಲೆ ನೋಡಿ" ಎಂದೆ.

ಎಂಟು ವರ್ಷ ಕಾದ ಮಾತನ್ನು ನಾನೇ ತಡೆದೆ. ಬೇರೆ ದಾರಿಯಿರಲಿಲ್ಲ. ಆ ಗಳಿಗೆಯಲ್ಲಿ ಕೈ ನಿಂತರೆ ಒಡೆಯುತ್ತದೆ. ಯಾರನ್ನು ಬೇಕಾದರೂ ಕೇಳಲಿ.

ಭಾವ ಬಾಯಿ ಮುಚ್ಚಿ ಕೈಯಾಡಿಸಿದರು. ಎಪ್ಪತ್ತೆಂಟು. ಎಪ್ಪತ್ತೊಂಬತ್ತು. ಕಾದರು. ಅವರು ಅಷ್ಟು ಹೊತ್ತು ಕಾದದ್ದನ್ನು ನಾನು ಹಿಂದೆಂದೂ ನೋಡಿಲ್ಲ. ಎಂಬತ್ತಕ್ಕೆ ಉರಿ ಆರಿಸಿ, ಮೂರು ಬಟ್ಟಲಿಗೆ ಬಡಿಸಿ, ಸೇಬು ತುರಿದು, ಕುಟ್ಟಿದ ಅಕ್ರೋಟು ಉದುರಿಸಿ, ತಂಗಿಯ ಮುಂದೆ ಒಂದನ್ನು ಇಟ್ಟರು. ಆಮೇಲೆ ನಿಂತೇ ಹೇಳಿದರು:

"ಆ ಮಾಲು ಕೆಟ್ಟಿದ್ದು ನನ್ನಿಂದ. ನಾನೇ ಅವಸರ ಮಾಡಿ ಸುರಿದೆ. ಇವರ ಥರ್ಮಾಮೀಟರು ಸರಿಯಾಗಿತ್ತು. ವಿಚಾರಣೇಲಿ ಸುಳ್ಳು ಹೇಳಿದೆ."

ಹೆಂಡತಿ ಒಂದು ಚಮಚ ಬಾಯಿಗಿಟ್ಟಳು. ನಾಲಿಗೆಯಲ್ಲಿ ತಿರುವಿ ನುಂಗಿದಳು.

"ಗೊತ್ತು" ಎಂದಳು. "ಉಪ್ಪು ಹಾಕೋದು ಮರೆತಿದೀಯ."

ಭಾವ ಕುರ್ಚಿ ಎಳೆದುಕೊಂಡು ಕೂತರು. "ಗೊತ್ತಾ?"

"ಚಿಕ್ಕಂದಿನಿಂದಲೂ ನೀನು ಹಾಲು ಉಕ್ಕಿಸಿ ತಪ್ಪನ್ನ ಬೆಕ್ಕಿನ ಮೇಲೆ ಹಾಕೋನು. ಆ ಬೆಕ್ಕು ತಿಂದಿರೋ ಪೆಟ್ಟು ನನಗೆ ಗೊತ್ತಿಲ್ವಾ? ಇವರ ಜೊತೆ ಇಪ್ಪತ್ತಾರು ವರ್ಷ ಸಂಸಾರ ಮಾಡಿದೀನಿ, ಮನೆ ಗಡಿಯಾರ ಒಂದು ನಿಮಿಷ ಹಿಂದೆ ಬಿದ್ದಿದ್ದು ನೋಡಿಲ್ಲ. ಥರ್ಮಾಮೀಟರು ತಪ್ಪತ್ತಾ? ನಿನ್ನ ಬಾಯಿಂದ ಬರ್ಲಿ ಅಂತ ಕಾಯ್ತಿದ್ದೆ. ಬಂತಲ್ಲ. ಈಗ ತಿನ್ನು, ಆರತ್ತೆ."

"ನನಗೆ ಯಾಕೆ ಹೇಳಲಿಲ್ಲ?" ಎಂದು ಕೇಳಿದೆ. ನನ್ನ ದನಿ ನನಗೇ ಹೊಸದಾಗಿ ಕೇಳಿತು.

ಅವಳು ಚಮಚ ಕೆಳಗಿಟ್ಟು ನನ್ನನ್ನು ನೋಡಿದಳು. "ನೀವು ಕೇಳ್ಲೇ ಇಲ್ವಲ್ಲ."

ಭಾವ ನಗಲು ತೊಡಗಿದರು. ನಕ್ಕು ನಕ್ಕು ಕೆಮ್ಮು ಬಂತು, ಕಣ್ಣಲ್ಲಿ ನೀರು ಬಂತು. ಅದು ಯಾತರ ನೀರೆಂದು ನಾನು ವಿಚಾರಿಸಲಿಲ್ಲ. ಉಪ್ಪಿನ ಡಬ್ಬಿ ತಂದು ಮುಂದಿಟ್ಟೆ.

ಮಧ್ಯಾಹ್ನ ಹೊರಡುವಾಗ ಗೇಟಿನ ಬಳಿ ನಿಂತು "ನಾಳೆ ಮ್ಯಾನೇಜರ್ ಹತ್ರ ಹೋಗಿ ಅವರಿಗೂ ಹೇಳ್ತೀನಿ. ಕೆಲಸ ಹೋದ್ರೆ ಹೋಗ್ಲಿ" ಎಂದರು.

"ತಿಂಡಿ ತಿಂದು ಹೋಗಿ. ಬರಿ ಹೊಟ್ಟೆಯಲ್ಲಿ ಹೋಗಬೇಡಿ" ಎಂದೆ. ಹೊಸ ಬಾದಾಮಿ ಪುಡಿಯ ಡಬ್ಬಿಯ ಜೊತೆಗೆ ಆ ಥರ್ಮಾಮೀಟರನ್ನೂ ಅವರ ಪೆಟ್ಟಿಗೆಯಲ್ಲಿಟ್ಟಿದ್ದೇನೆ. ಪ್ರತಿದಿನ ಬೆಳಗ್ಗೆ ಅದರ ಮುಖ ನೋಡಲಿ. ಅದಕ್ಕಿಂತ ದೊಡ್ಡ ಶಿಕ್ಷೆ ನನಗೆ ತೋಚಲಿಲ್ಲ.

ಅವರ ಲೆಕ್ಕ ಅಲ್ಲಿಗೆ ಮುಗಿಯಿತು.

ಆದರೆ ಈಗ ಇನ್ನೊಂದು ತೆರೆದಿದೆ. ಎಂಟು ವರ್ಷ! ಎಲ್ಲವೂ ಗೊತ್ತಿದ್ದು, ಒಂದೇ ಸೂರಿನಡಿ, ಒಂದೇ ಮೇಜಿನ ಎದುರು ಕೂತು, ನನ್ನನ್ನು ನನ್ನ ಪಾಡಿಗೆ ಕುದಿಯಲು ಬಿಟ್ಟವಳನ್ನು ಸುಮ್ಮನೆ ಬಿಡುವುದು ಸಾಧ್ಯವಿಲ್ಲ. ಅವಳು ನಾಳೆಯೂ ಬರಿಯ ಕಾಫಿ ಕುಡಿದು ಕತ್ತಲಲ್ಲೇ ಹೊರಡುವ ಯೋಚನೆಯಲ್ಲಿದ್ದಾಳೆ. ಅವಳು ಏಳುವುದಕ್ಕೆ ಅರ್ಧ ಗಂಟೆ ಮೊದಲೇ ಎದ್ದು ಒಲೆ ಹೊತ್ತಿಸುತ್ತೇನೆ. ಅಕ್ರೋಟು ನೆನೆಹಾಕಿದ್ದೇನೆ. ಅವಳಿಗೆ ಹಲ್ಲುಗಳೆಲ್ಲ ಗಟ್ಟಿಯಾಗಿವೆ, ಕುಟ್ಟುವ ಅಗತ್ಯವಿಲ್ಲ. ಆದರೂ ಸಿಪ್ಪೆ ತೆಗೆಯುವೆ. ಥರ್ಮಾಮೀಟರ್ ಇಲ್ಲ. ಕೈಯಂದಾಜಿನಲ್ಲೇ ಇಳಿಸಬೇಕು.

ನೋಡೋಣ, ಎಷ್ಟು ದಿನ ತಪ್ಪಿಸಿಕೊಳ್ಳುತ್ತಾಳೆ.